ಸೆಲ್‌ಬೋರ್ನ್‌ಗೆ ದಾರಿ ಯಾವುದು?



ಇಂಗ್ಲೆಂಡಿನ ಭೂಪಟದಲ್ಲಿ ಸೆಲ್‌ಬೋರ್ನ್ ಎಂಬ ಹೆಸರನ್ನು ಹುಡುಕಿ ನೋಡಿ. ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹ್ಯಾಂಪ್‌ಷೈರಿನ ಪೂರ್ವದ ಅಂಚಿನಲ್ಲಿ, ಒಂದು ಗುಡ್ಡದ ಬುಡದಲ್ಲಿರುವ ಸಣ್ಣ ಹಳ್ಳಿ ಅದು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಕಣ್ಣು ಮುಚ್ಚಿದ ಪಾದ್ರಿ ಗಿಲ್ಬರ್ಟ್ ವೈಟ್ ತನ್ನೂರಿನ ಹಕ್ಕಿ, ಹುಳು, ಮರಗಿಡಗಳನ್ನು ಕುರಿತು ಬರೆದ ಪತ್ರಗಳ ಪುಸ್ತಕ 1789ರದು. ಅದರ ಮೊದಲ ಪತ್ರದಲ್ಲಿ ಆತ ಊರಿನ ಗುರುತು ಹೇಳುತ್ತಾನೆ: ಲಂಡನ್ನಿನಿಂದ ನೈಋತ್ಯಕ್ಕೆ 50 ಮೈಲಿ, ಆಲ್ಟನ್ ಮತ್ತು ಪೀಟರ್ಸ್‌ಫೀಲ್ಡ್ ಪಟ್ಟಣಗಳ ಹೆಚ್ಚುಕಡಿಮೆ ನಡುವೆ. ಇಂದಿಗೂ ಈ ವಿಳಾಸ ಸಾಕು.

ಆದರೆ ದಾರಿ? ವೈಟನ ಕಾಲದಲ್ಲಿ ಊರಿಗೆ ಬರುವ ಎರಡು ಓಣಿಗಳು ಶತಮಾನಗಳ ಗಾಡಿ ಓಡಾಟದಿಂದಲೂ ಮಳೆನೀರಿನಿಂದಲೂ ಕಲ್ಲು ಸವೆದು, ಕೆಲವೆಡೆ ಹೊಲಗಳಿಗಿಂತ 16-18 ಅಡಿ ಕೆಳಗಿಳಿದಿದ್ದವು. ರಸ್ತೆ ಎನ್ನುವುದಕ್ಕಿಂತ ಹಳ್ಳ ಎನ್ನುವುದೇ ಸರಿ!

ಇಂದು ಹೊರಟವರಿಗೆ ಮೊದಲ ನೆರವು ರಸ್ತೆಯ ಸಂಖ್ಯೆ. 1920ರ ದಶಕದಲ್ಲಿ ಬ್ರಿಟನ್ ತನ್ನ ರಸ್ತೆಗಳಿಗೆ ಸಂಖ್ಯೆ ಕೊಟ್ಟಿತು. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವುದು ಎ1. ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವಂತೆ ಎಣಿಸುತ್ತ ಬಂದರೆ ಡೋವರ್‌ನ ಕಡೆಗೆ ಎ2, ಪೋರ್ಟ್ಸ್‌ಮತ್‌ನ ಕಡೆಗೆ ಎ3. ಎ3 ಮತ್ತು ಎ4ರ ನಡುವಣ ಪ್ರದೇಶದ ರಸ್ತೆಗಳ ಸಂಖ್ಯೆ 3ರಿಂದ ಆರಂಭವಾಗುತ್ತದೆ. ಸೆಲ್‌ಬೋರ್ನ್ ಮೂಲಕ ಹೋಗುವ ರಸ್ತೆ ಬಿ3006. ಸಂಖ್ಯೆ ನೋಡಿದೊಡನೆ ಅದು ಯಾವ ದಿಕ್ಕಿನದೆಂದು ತಿಳಿಯಿತಲ್ಲವೆ? ಲಂಡನ್ನಿನಿಂದ ಎ3 ಹಿಡಿದು ಗಿಲ್ಡ್‌ಫರ್ಡ್ ದಾಟಿ, ಲಿಸ್ ಹತ್ತಿರ ಬಿ3006ಕ್ಕೆ ಹೊರಳಬೇಕು.

ಹೊರಳುವ ಜಾಗವನ್ನು ತಿಳಿಸುವುದು ಫಲಕ. ಹೆದ್ದಾರಿಯಲ್ಲಿ ಹಸಿರು ಫಲಕ, ಬಿಳಿ ಅಕ್ಷರ. ಸಣ್ಣ ರಸ್ತೆಯಲ್ಲಿ ಬಿಳಿ ಫಲಕ, ಕಪ್ಪು ಅಕ್ಷರ. ಸಂಖ್ಯೆ ಆವರಣ ಚಿಹ್ನೆಯೊಳಗಿದ್ದರೆ, ನೀವಿನ್ನೂ ಆ ರಸ್ತೆಯಲ್ಲಿಲ್ಲ, ಇದು ಅಲ್ಲಿಗೆ ಒಯ್ಯುತ್ತದೆ ಎಂದರ್ಥ. 1965ರಿಂದ ಜಾರಿಗೆ ಬಂದ ಈ ಫಲಕಗಳನ್ನು ರೂಪಿಸಿದವರು ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್. ಹೆಸರುಗಳನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವ ಹಳೆಯ ರೂಢಿಯನ್ನು ಅವರು ಬಿಟ್ಟರು. ವೇಗವಾಗಿ ಹೋಗುವವನು ಅಕ್ಷರ ಕೂಡಿಸಿ ಓದುವುದಿಲ್ಲ, ಪದದ ಆಕಾರವನ್ನೇ ಗುರುತಿಸುತ್ತಾನೆ. ಸಣ್ಣಕ್ಷರಗಳ ಏರಿಳಿತ ಆ ಆಕಾರವನ್ನು ಕೊಡುತ್ತದೆ. ಸರಳ ವಿಷಯ, ಆದರೆ ಯಾರಾದರೂ ಯೋಚಿಸಬೇಕಿತ್ತು.

ಫಲಕವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1940ರಲ್ಲಿ ಆ ದೇಶ ತಾನಾಗಿಯೇ ಕಂಡುಕೊಂಡಿತು. ಜರ್ಮನ್ ಸೈನ್ಯ ಬಂದಿಳಿಯಬಹುದೆಂದು ಕೈಮರಗಳನ್ನು ಕೀಳಿಸಿದರು, ಮೈಲಿಗಲ್ಲುಗಳನ್ನು ಮರೆಮಾಡಿದರು, ಮನೆಯಲ್ಲಿರುವ ನಕ್ಷೆಗಳನ್ನು ಬಚ್ಚಿಡಿ ಎಂದು ಜನರಿಗೆ ಕರಪತ್ರ ಹಂಚಿದರು. (ಕೈಮರವೆಂದರೆ ದಾರಿ ತೋರುವ ಕಂಬ. ಚಿಕ್ಕಮಗಳೂರಿನ ಬಳಿ ಈ ಹೆಸರಿನ ಜಾಗವೇ ಇದೆ.) ಶತ್ರು ಬರಲಿಲ್ಲ, ದಾರಿ ತಪ್ಪುವ ಕಷ್ಟ ಸ್ವದೇಶದ ಪ್ರಯಾಣಿಕನ ಪಾಲಿಗೆ ಬಂತು.

ಈಗ ಮೊಬೈಲ್ ಇದೆಯಲ್ಲ ಎನ್ನುವಿರಿ. ನಿಜ, ಆದರೆ ಹಳ್ಳಿಗಾಡಿನಲ್ಲಿ ಒಂದೇ ಅಂಚೆ ಸಂಕೇತಕ್ಕೆ ದೂರದೂರದ ಹಲವು ಮನೆಗಳು ಸೇರಿರುತ್ತವೆ. ಯಂತ್ರವು ಅವುಗಳ ನಡುವೆ ಎಲ್ಲೋ ತಂದು, ಬಂದಾಯಿತು ಎಂದು ಸುಮ್ಮನಾಗಬಹುದು. ಬಿ ರಸ್ತೆಯನ್ನೂ ಬಿಟ್ಟು ಒಳಗಿನ ಓಣಿಗೆ ಇಳಿದರೆ ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದೇ ಗಾಡಿಗೆ ಜಾಗ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಬ್ಬರಲ್ಲಿ ಒಬ್ಬರು ಅಗಲವಾದ ಜಾಗದವರೆಗೆ ಹಿಂದೆ ಸರಿಯಲೇಬೇಕು. ಇಂಥಲ್ಲಿ ಆರ್ಡ್‌ನೆನ್ಸ್ ಸರ್ವೆಯ ಕಾಗದದ ನಕ್ಷೆ ನನಗೆ ಹೆಚ್ಚು ನಂಬಿಕೆಯದು. ನೆಲದ ಮೇಲಿನ 1 ಕಿಲೋಮೀಟರು ಅದರಲ್ಲಿ 2 ಸೆಂಟಿಮೀಟರು. ಚರ್ಚಿಗೆ ಗೋಪುರವಿದ್ದರೆ ಶಿಲುಬೆಯ ಕೆಳಗೆ ಕಪ್ಪು ಚೌಕ, ಚೂಪು ಶಿಖರವಿದ್ದರೆ ಕಪ್ಪು ವೃತ್ತ. ಬೇಲಿಯ ಮೇಲೆ ಕಾಣುವುದು ಯಾವುದೆಂದು ನೋಡಿದರೆ ಯಾವ ಊರಿನ ಬಳಿ ಇದ್ದೀರೆಂದು ತಿಳಿಯಬಹುದು.

ಸೆಲ್‌ಬೋರ್ನ್ ಚರ್ಚಿಗಿರುವುದು ಗೋಪುರ. ಅಂಗಳದಲ್ಲಿದ್ದ ಪುರಾತನ ಯೂ ಮರ 1990ರ ಜನವರಿಯ ಬಿರುಗಾಳಿಗೆ ಉರುಳಿತು. ಊರ ಹಿಂದಿನ ಗುಡ್ಡಕ್ಕೆ ವೈಟ್ ಮತ್ತು ಆತನ ತಮ್ಮ 1753ರಲ್ಲಿ ಕಡಿಸಿದ ಅಂಕುಡೊಂಕು ಕಾಲುದಾರಿ ಹತ್ತುತ್ತದೆ. ಅದಕ್ಕೆ ಸಂಖ್ಯೆಯಿಲ್ಲ. ವಾಹನವನ್ನು ಕೆಳಗೇ ಬಿಟ್ಟು ನಡೆದು ಹೋಗಬೇಕು.