ಮಾಗಿಯ ಚಳಿಯಲ್ಲಿ ನಮ್ಮ ಕೈತೋಟ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಡಿಸೆಂಬರ್, ಜನವರಿ ಬಂತೆಂದರೆ ಸಭೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಸಿಸ್ಟರ್, ಕರಿಬೇವು ಎಲೆ ಉದುರಿಸ್ತಾ ಇದೆ, ತುಳಸಿ ಒಣಗ್ತಾ ಇದೆ. ದಿನಾ ನೀರು ಹಾಕಿದ್ರೂ ಚಿಗುರೋದಿಲ್ಲ.” ಎಷ್ಟೋ ಸಲ ಆ ದಿನಾ ಹಾಕುವ ನೀರೇ ಗಿಡಕ್ಕೆ ಶತ್ರು.

ಮಾಗಿಯಲ್ಲಿ ಹಗಲು ಚಿಕ್ಕದು, ಮಣ್ಣು ತಣ್ಣಗಿರುತ್ತದೆ. ಅನೇಕ ಗಿಡಗಳು ನಿಧಾನವಾಗಿ ಬೆಳೆಯುತ್ತವೆ, ನೀರನ್ನೂ ಕಡಿಮೆ ಕುಡಿಯುತ್ತವೆ. ಬೇಸಿಗೆಯಷ್ಟೇ ಸುರಿದರೆ ನೀರು ಬುಡದಲ್ಲಿ ನಿಂತು, ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡವೂ ಬಾಡಿದಂತೆಯೇ ಕಾಣುತ್ತದೆ. ನಾವು ಬಾಯಾರಿಕೆ ಅಂದುಕೊಂಡು ಇನ್ನೊಂದು ಚೊಂಬು ಹಾಕುತ್ತೇವೆ!

ಹಾಗಾಗಿ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತೇವವಿದ್ದರೆ ಅಂದು ನೀರು ಬೇಡ. ಒಣಗಿದ್ದರೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ಬುಡಕ್ಕೆ ಮಾತ್ರ ಹಾಕಿ. ಸಂಜೆ ಎಲೆ ನೆನೆಸಿದರೆ ರಾತ್ರಿಯಿಡೀ ಒದ್ದೆಯಾಗಿದ್ದು ರೋಗ ಹಿಡಿಯುತ್ತದೆ. ಕುಂಡದ ತಳದ ತೂತು ಮುಚ್ಚಿಹೋಗಿದೆಯೇ ನೋಡಿಕೊಳ್ಳಿ. ಮನೆಯೊಳಗಿನ ಮನಿಪ್ಲಾಂಟನ್ನು ಕಿಟಕಿಯ ಬೆಳಕಿನ ಹತ್ತಿರ ಇಡಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಬಾಟಲಿಯಲ್ಲಿ ಬೆಳೆಸಿದ್ದರೆ ವಾರಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಅಂಗಳ ಗುಡಿಸಿದ ಒಣ ಎಲೆಗೆ ಬೆಂಕಿ ಇಡಬೇಡಿ. ಕಾಂಡಕ್ಕೆ ತಾಗದಂತೆ ಬುಡದ ಸುತ್ತ ಹೊದಿಸಿದರೆ ಮಣ್ಣು ಬೆಚ್ಚಗಿರುತ್ತದೆ, ತೇವ ಬೇಗ ಆರುವುದಿಲ್ಲ. ಅವರೆಯ ಕುಡಿಗೆ ಹೇನು ಬಿದ್ದಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ, ಬಿಸಿಲೇರುವ ಮೊದಲು ಸಿಂಪಡಿಸಿ.

ಎಲೆ ಉದುರಿದ ಕರಿಬೇವನ್ನು ಸತ್ತಿತೆಂದು ಕೀಳಬೇಡಿ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಬಿಸಿಲು ಏರುತ್ತಿದ್ದಂತೆ ಚಿಗುರುತ್ತದೆ.

ಕೆಲವು ಬೆಳೆಗೆ ಈ ಚಳಿಯೇ ಹಬ್ಬ. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ ಈಗ ಹಾಕಿ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಜಾಗ ಇಲ್ಲ ಅನ್ನಬೇಡಿ, ಒಡೆದ ಬಕೆಟ್, ಹಳೇ ಸಿಮೆಂಟ್ ಚೀಲ ಸಾಕು. ಮೆಂತ್ಯ ಸುಮಾರು ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ.

ಇಷ್ಟೆಲ್ಲಾ ಯಾಕೆ ಹೇಳ್ತೀನಿ ಅಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಸೊಪ್ಪೊಂದರಿಂದಲೇ ಅದು ವಾಸಿಯಾಗದು. ಪರೀಕ್ಷೆ ಮಾಡಿಸಿ, ಕೊಟ್ಟ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಆದರೆ ನಿತ್ಯದ ಊಟದಲ್ಲಿ ಸೊಪ್ಪು ಇರಲೇಬೇಕು. ಅದಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಗಂಡನಿಗೆ, ಮಕ್ಕಳಿಗೆ ಬಡಿಸಿ, ಕೊನೆಗೆ ತಳದ ಸಾರಿನಲ್ಲಿ ಊಟ ಮುಗಿಸುವವರು ನಾವು. ನೀವು ಬೆಳೆಸಿದ ಸೊಪ್ಪು ನಿಮ್ಮ ತಟ್ಟೆಗೂ ಬೀಳಲಿ. ಮುಂದಿನ ಸಭೆಗೆ ಪಾಸ್‌ಪುಸ್ತಕದ ಜೊತೆ ಒಂದು ಹಿಡಿ ಬೀಜವನ್ನೂ ತನ್ನಿ, ಹಂಚಿಕೊಳ್ಳೋಣ.