1337 ಓದುವ ಕಣ್ಣಿಗೆ ಕನ್ನಡ ಕಷ್ಟವೇ?

(ಗಡಿನಾಡಿನ ಯುವಜನರ ಮುಂದೆ ಆಡಿದ ಮಾತಿನ ಬರಹರೂಪ)



ಫೋನಿನಲ್ಲಿ ಗೇಮ್ ಆಡೋರು ಕೈ ಎತ್ತಿ ನೋಡೋಣ. ಹಾಂ, ಹೆಚ್ಚು ಕಡಿಮೆ ಎಲ್ಲರೂ ಇದ್ದೀರಿ. ಹಾಗಾದ್ರೆ 1337 ಅಂದ್ರೆ ಏನಂತ ನಿಮಗೆ ಹೇಳಬೇಕಾಗಿಲ್ಲ. ಹಿಂದೆ ಕೂತಿರೋ ಹಿರಿಯರಿಗಾಗಿ ಹೇಳ್ತೀನಿ. ಇಂಗ್ಲಿಷಿನ ಎಲ್ ಬದಲು 1, ಇ ಬದಲು 3, ಟಿ ಬದಲು 7. ಕೂಡಿಸಿ ಓದಿದರೆ ‘ಲೀಟ್’. ಆಯ್ದ ಕೆಲವರು ಅನ್ನೋ ಅರ್ಥದ ‘ಎಲೀಟ್’ ಪದದ ತುಂಡು ಅದು. 1980ರ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ಹುಡುಗರು ಟೆಲಿಫೋನ್ ತಂತಿಯ ಮೇಲೆ ನಡೆಸುತ್ತಿದ್ದ ಬುಲೆಟಿನ್ ಬೋರ್ಡ್‌ಗಳಲ್ಲಿ ಬೆಳೆದ ಬರಹ. ಹೊರಗಿನವರಿಗೆ ಅರ್ಥ ಆಗಬಾರದು, ಬೇಡವಾದ ಪದ ಹುಡುಕಿ ತಡೆಯೋ ಯಂತ್ರಕ್ಕೆ ಸಿಗಬಾರದು. ಅದೇ ಅದರ ಮಜಾ.

ಆದ್ರೆ ಆ ಹುಡುಗರಿಗೆ ಸರಿಯಾದ ಕಾಗುಣಿತ ಗೊತ್ತಿತ್ತು. ಗೊತ್ತಿದ್ದೇ ಮುರಿದರು. ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತೀವಲ್ಲ, ಅದು ಹಾಗಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಬೇರೆ ದಾರಿಯೇ ಗೊತ್ತಿಲ್ಲ.

ಇದಕ್ಕೆ ನಿಮ್ಮನ್ನ ಬೈಯೋದಿಲ್ಲ. ಹಳೆಯ ಎಸ್ಸೆಮ್ಮೆಸ್ ಕಾಲದಲ್ಲಿ ಒಂದು ಸಂದೇಶಕ್ಕೆ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತಿತ್ತು, ಕನ್ನಡಕ್ಕೆ 70 ಮಾತ್ರ. ಅದರಲ್ಲೂ ‘ಸ್ತ್ರೀ’ ಅಂತ ಒಂದೇ ಅಕ್ಷರ ಬರೆದರೆ ಲೆಕ್ಕಕ್ಕೆ 6! ಎಷ್ಟೋ ಫೋನುಗಳಲ್ಲಿ ಕನ್ನಡದ ಬದಲು ಬರೀ ಚೌಕ ಚೌಕ ಕಾಣ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಹೋದದ್ದು ತಪ್ಪಲ್ಲ. ಆ ತೊಂದರೆ ಹೋದ ಮೇಲೂ ಅಲ್ಲೇ ಉಳಿದುಬಿಟ್ವಿ.

ನಮ್ಮ ಮನೇದೇ ಕತೆ ಕೇಳಿ. ನಮ್ಮದು ಅಕ್ಕಲಕೋಟೆ ಕಡೆ. ಮನೆಯಲ್ಲಿ ಪೂಜೆ ಇತ್ತು. ‘ಬರ್ತಾ ಬಾಳೆ ತಗೊಂಡು ಬಾ’ ಅಂತ ಅಕ್ಕ ಮಗನಿಗೆ ಮೆಸೇಜು ಹಾಕಿದಳು. ಬಿ, ಎ, ಎಲ್, ಇ. ಅವನು ಎರಡು ಡಜನ್ ಹಸಿರು ಬಳೆ ತಂದ! ಅವನದೇನು ತಪ್ಪು? ಆ ನಾಲ್ಕು ಅಕ್ಷರ ಬಲೆಯೂ ಆಗ್ತದೆ, ಬಾಲೆಯೂ ಆಗ್ತದೆ. ನಕ್ಕು ಬಿಟ್ವಿ. ನಗೋಕಾಗದ ಸಂಗತಿ ಇನ್ನೊಂದಿತ್ತು. ಅದೇ ಗ್ರೂಪಿನಲ್ಲಿ ನಮ್ಮಪ್ಪ, ಅಂದ್ರೆ ಹುಡುಗನ ಮುತ್ಯಾನೂ ಇದ್ದಾರೆ. ಕನ್ನಡ ಪೇಪರು ಪೂರ್ತಿ ಓದ್ತಾರೆ, ಮೊಮ್ಮಗನ ಒಂದು ಸಾಲು ಓದಲಾರರು. ಅದು ಅವರ ಪಾಲಿಗೆ 1337.

ಈಗ ನನ್ನ ಮುಖ್ಯ ಮಾತು. 7 ನೋಡಿದ ಕೂಡಲೇ ಟಿ ಅಂತ ಓದೋ ಕಣ್ಣು ನಿಮ್ಮದು. ಅದನ್ನ ಯಾವ ಮಾಸ್ತರೂ ಕಲಿಸಿಲ್ಲ, ಆಕಾರದ ಹೋಲಿಕೆ ಹಿಡಿದು ಕಲಿತ್ರಿ. ಆದೋನಿ, ಮಡಕಶಿರಾದವರೇ, ತೆಲುಗಿನ ಗ, ಜ, ದ, ಬ, ಲ ಪಕ್ಕದಲ್ಲಿ ಕನ್ನಡದ ಅಕ್ಷರ ಇಟ್ಟು ನೋಡಿ. 3ಕ್ಕೂ ಇಂಗ್ಲಿಷಿನ ಇಗೂ ಇರೋದಕ್ಕಿಂತ ಹತ್ತಿರದ ನಂಟು. ಮರಾಠಿ ಶಾಲೆಯವರಿಗೆ ಬಾರಾಖಡಿ ಬರ್ತದೆ, ನಮ್ಮ ಕಾಗುಣಿತದ ದಾರಿಯೂ ಅದೇ. ಕ, ಖ, ಗ, ಘ ಸಾಲು ಕಾಸರಗೋಡಿನಲ್ಲಿ ಮಲಯಾಳಂ ಕಲಿತವರಿಗೂ ಬಾಯಿಪಾಠ. ಹೊಸೂರು, ತಾಳವಾಡಿಯವರಿಗೆ ಸ್ವಲ್ಪ ಹೆಚ್ಚು ಕೆಲಸ, ಯಾಕಂದ್ರೆ ತಮಿಳಿನಲ್ಲಿ ಅಕ್ಷರ ಕಡಿಮೆ. ಆದ್ರೆ ‘ಳ’ ನೋಡಿ. ಮರಾಠಿ, ತೆಲುಗು, ತಮಿಳು, ಮಲಯಾಳಂ ನಾಲ್ಕರಲ್ಲೂ ಅದಕ್ಕೆ ಬೇರೆ ಅಕ್ಷರ ಇದೆ. ಇಲ್ಲದಿರೋದು ನಾವು ಆರಿಸಿಕೊಂಡ ಇಂಗ್ಲಿಷಿಗೆ ಮಾತ್ರ!

ಬೆರಳಿನ ಅಭ್ಯಾಸವನ್ನೂ ಬಿಡಬೇಕಾಗಿಲ್ಲ. ಫೋನಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ. ಇಂಗ್ಲಿಷಿನಲ್ಲಿ ಒತ್ತಿದ್ದನ್ನೇ ಕನ್ನಡ ಮಾಡಿ ಕೊಡೋ ಕೀಬೋರ್ಡುಗಳಿವೆ. ಬಾಳೆಯೋ ಬಳೆಯೋ, ಆರಿಸೋದು ಮಾತ್ರ ನಿಮ್ಮ ಕೆಲಸ. ಆರಿಸೋಕೆ ಓದಲು ಬರಬೇಕು, ಅಷ್ಟೇ.

ಇದು ಬರೀ ಮನೆಯ ಮಾತೂ ಅಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸರ್ಕಾರಕ್ಕೆ ಅಹವಾಲು ಕೊಡೋ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ನಾಳೆ ಊರಿನ ಕನ್ನಡ ಶಾಲೆಗೆ ಮಾಸ್ತರು ಬೇಕು ಅಂತ ಅರ್ಜಿ ಬರೆಯೋರು ನೀವೇ ತಾನೆ? ಅದನ್ನ ಚಾಟಿಂಗ್ ಅಕ್ಷರದಲ್ಲಿ ಬರೀತೀರಾ?

ಅಕ್ಕನ ಮಗ ಹೋದ ತಿಂಗಳು ಗ್ರೂಪಿನಲ್ಲಿ ಮೊದಲ ಸಲ ಕನ್ನಡದಲ್ಲಿ ಬರೆದ: ‘ಮುತ್ಯಾ, ನಾಲೆ ಬರ್ತಿನಿ.’ ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, ಅವನಿಗೆ ಫೋನ್ ಮಾಡಿದ್ರು. “ನಾಲೆ ಅಲ್ಲೋ, ನಾಳೆ. ಬಾ, ಬಂದ ಮ್ಯಾಲೆ ತೋರಸ್ತೀನಿ.”