ಚಿಕ್ಕ ಟ್ರ್ಯಾಕ್ಟರಿಗೆ ಎಷ್ಟು ಅಗಲದ ಉಪಕರಣ?
(ರಜತ ಮಹೋತ್ಸವದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಕೆಂಗೇರಿ ಕಡೆ ಬಡಾವಣೆಗಳ ನಡುವೆ ಈಗ ಉಳಿದಿರೋದು ಅರ್ಧ ಎಕರೆ, ಒಂದು ಎಕರೆಯ ತುಂಡುಗಳು. ದೊಡ್ಡ ಟ್ರ್ಯಾಕ್ಟರು ತಿರುಗಿಸಿಕೊಳ್ಳೋಕೇ ಜಾಗ ಸಾಲದು. ಸದಸ್ಯರಿಗೆ ಬಾಡಿಗೆಗೆ ಕೊಡಲೆಂದು ಸಂಘ 18 ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರು ಕೊಂಡದ್ದು ಸರಿಯೇ. ನಾವು ಎಡವಿದ್ದು ರೋಟವೇಟರಿನಲ್ಲಿ. "ಬೆಲೇಲಿ ಹೆಚ್ಚು ವ್ಯತ್ಯಾಸವಿಲ್ಲ, 4 ಅಡಿಯದೇ ಇರಲಿ, ಕೆಲಸ ಬೇಗ ಮುಗಿಯುತ್ತೆ" ಅಂತ ನಾವೇ ಕೈಯೆತ್ತಿದೆವು. ಒಣಗಿದ ಕೆಮ್ಮಣ್ಣಿಗೆ ಇಳಿಸಿದ ಮೊದಲ ದಿನವೇ ಎಂಜಿನ್ನು ಏದುಸಿರು ಬಿಟ್ಟು ನಿಂತುಹೋಯಿತು. ಬದು ಹತ್ತುವಾಗ ಮುಂದಿನ ಚಕ್ರ ನೆಲ ಬಿಟ್ಟಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಎಂಜಿನ್ನಿನ ಅಶ್ವಶಕ್ತಿಯೆಲ್ಲ ರೋಟವೇಟರಿಗೆ ಸಿಗೋದಿಲ್ಲ. ಅದನ್ನು ತಿರುಗಿಸುವುದು ಪಿ.ಟಿ.ಓ. ದಂಡ. ಅಲ್ಲಿಗೆ ಬರುವಷ್ಟರಲ್ಲಿ 18 ಇದ್ದದ್ದು ಸುಮಾರು 15 ಆಗುತ್ತೆ. ರೋಟವೇಟರಿನ ಅಗಲ ಅಡಿಗೆ 5 ಅಶ್ವಶಕ್ತಿ ಹಿಡಿದರೂ 3 ಅಡಿಗೇ ಮುಗಿಯಿತು. ಗಟ್ಟಿ ನೆಲವಾದರೆ ಇನ್ನೂ ಹೆಚ್ಚೇ ಬೇಕು. ಹಾಗಂತ ತೀರಾ ಕಿರಿದೂ ಆಗಬಾರದು. ಹಿಂದಿನ ಎರಡು ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ನೋಡಿ. ಅದಕ್ಕಿಂತ ಕಡಿಮೆಯಾದರೆ ಟೈರು ತುಳಿದ ನೆಲ ಹಾಗೇ ಉಳಿದುಬಿಡುತ್ತೆ.

ಇನ್ನು ಹಿಪ್ಪುನೇರಳೆ ತೋಟದವರ ಮಾತು. ಜೋಡಿಸಾಲು ಪದ್ಧತಿಯಲ್ಲಿ ಸಾಲುಗಳ ಅಂತರ ಒಂದು ಕಡೆ 3 ಅಡಿ, ಇನ್ನೊಂದು ಕಡೆ 5 ಅಡಿ. ಆ 5 ಅಡಿಯೊಳಗೆ 4 ಅಡಿಯ ಯಂತ್ರ ಹೋದರೆ ಎರಡೂ ಬದಿ ಉಳಿಯೋದು ಅರ್ಧರ್ಧ ಅಡಿ. ಸ್ಟಿಯರಿಂಗ್ ಸ್ವಲ್ಪ ಸರಿದರೂ ಬುಡಕ್ಕೇ ಪೆಟ್ಟು. 3 ಅಡಿಯದಾದರೆ ಎರಡೂ ಕಡೆ ಒಂದೊಂದು ಅಡಿ ಸಿಗುತ್ತೆ.

ತೂಕದ ವಿಷಯ ನಿಮಗೇ ಗೊತ್ತು. ಹಿಂಭಾರವಾದ ಗಾಡಿಯ ನೊಗ ಮೇಲೇಳುತ್ತಲ್ಲ, ಇದೂ ಹಾಗೇ. ಕಂಪನಿಯ ಹಾಳೆಯಲ್ಲಿ ಇಷ್ಟು ಕೆ.ಜಿ. ಎತ್ತುತ್ತೆ ಅಂತ ಬರೆದಿದ್ದರೆ, ಅದು ಕೊಂಡಿಯ ತುದಿಯಲ್ಲೋ, ಇನ್ನೂ ಹಿಂದೆಯೋ ಎಂದು ಕೇಳಿ. ಹಿಂದಕ್ಕೆ ಹೋದಷ್ಟೂ ಎತ್ತುವ ಶಕ್ತಿ ಕಡಿಮೆ.

ಕಲ್ಟಿವೇಟರಿಗೂ ಇದೇ ಲೆಕ್ಕ. 9 ಹಲ್ಲಿನದು ದೊಡ್ಡದಕ್ಕೆ, ನಮ್ಮದಕ್ಕೆ 5 ಹಲ್ಲು ಸಾಕು. ವರ್ಷಕ್ಕೊಮ್ಮೆಯ ಆಳ ಉಳುಮೆಗೆ, ಟ್ರ್ಯಾಕ್ಟರು ಹೋಗುವಷ್ಟು ದಾರಿಯಿರುವ ಹೊಲಕ್ಕೆ, ದೊಡ್ಡದನ್ನೇ ಬಾಡಿಗೆಗೆ ತರೋಣ. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಇರೋದೇ ಇಂಥದಕ್ಕೆ.

ಮುಂದಿನ ಸರ್ವಸದಸ್ಯರ ಸಭೆಗೆ 4 ಅಡಿಯದನ್ನು ಮಾರಿ 3 ಅಡಿಯದು ಕೊಳ್ಳುವ ಠರಾವು ತರುತ್ತಿದ್ದೇವೆ. ಒಂದಿಷ್ಟು ನಷ್ಟ ಆಗುತ್ತೆ, ಮುಚ್ಚಿಡೋದಿಲ್ಲ. ಬರುವಾಗ ನಿಮ್ಮ ನಿಮ್ಮ ತೋಟದ ಸಾಲಿನ ಅಳತೆ, ಗೇಟಿನ ಅಗಲ ಬರೆದುಕೊಂಡು ಬನ್ನಿ.